ಪೋರ್ಚುಗೀಸ್ ಕಲಿಯೋಣ, ಕನ್ನಡದ ಕಡೆಯಿಂದ

ಪೋರ್ಚುಗೀಸ್ ಕಲಿಯಬೇಕು ಅಂತ ಹೊರಟ ಕನ್ನಡಿಗರ ಕೈಗೆ ಮೊದಲು ಸಿಗುವುದು ಇಂಗ್ಲಿಷ್ ಪುಸ್ತಕ, ಇಲ್ಲವೇ ಇಂಗ್ಲಿಷ್‌ನಲ್ಲಿ ಕಲಿಸುವ ಆ್ಯಪ್. ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಅವು ಇಂಗ್ಲಿಷ್ ಮನೆಮಾತಿನವರ ಕಷ್ಟಗಳನ್ನು ಮುಂದಿಟ್ಟುಕೊಂಡು ಬರೆದಂಥವು. ಕ್ರಿಯಾಪದದ ಕೊನೆ ಬದಲಾಗುತ್ತದೆ ಅನ್ನುವುದನ್ನು ಅವು ದೊಡ್ಡ ಸಂಗತಿ ಮಾಡಿ ವಿವರಿಸುತ್ತವೆ. ನಮಗೆ ಅದು ಹೊಸದೇ ಅಲ್ಲ. ಬರುತ್ತೇನೆ, ಬರುತ್ತೀಯ, ಬರುತ್ತಾರೆ ಅಂತ ದಿನವಿಡೀ ಹೇಳುವವರು ನಾವು. ಇನ್ನೊಂದು ಕಡೆ, ಕುರ್ಚಿ ಕಿಟಕಿಗೂ ಗಂಡು ಹೆಣ್ಣು ಅಂತ ಲಿಂಗ ಇರುವುದು, ನಾಮಪದದ ಮುಂದೆ ಒಂದು ಪುಟ್ಟ ಪದ ಬಂದು ಕೂರುವುದು, ಇವು ನಮಗೆ ನಿಜವಾಗಿ ಹೊಸತು. ಹಾಗಾಗಿ ನನ್ನ ಸಲಹೆ ಇಷ್ಟೇ: ಇಂಗ್ಲಿಷ್ ಮೂಲಕ ಸುತ್ತಿ ಬರಬೇಡಿ, ಸಾಧ್ಯವಾದ ಕಡೆಯೆಲ್ಲ ನೇರ ಕನ್ನಡದಿಂದಲೇ ಹಿಡಿಯಿರಿ.

ಬರವಣಿಗೆಯ ಬಗ್ಗೆ ಒಂದು ಮಾತು. ಪೋರ್ಚುಗೀಸ್ ಪದಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಅಕ್ಷರಗಳ ಹೆಸರು ಹೇಳುವಾಗ ನಮಗೆ ರೂಢಿಯಿರುವ ಎ, ಬಿ, ಸಿ ಹೆಸರುಗಳನ್ನೇ ಬಳಸುತ್ತೇನೆ. ಚುಕ್ಕೆಯಿರುವ ಜ಼ ಅಂದರೆ ‘ಝೀರೋ’ ಪದದ ಮೊದಲ ಧ್ವನಿ. ಚುಕ್ಕೆಯಿರುವ ಝ಼ ಅಂದರೆ ಶ ಹೇಳುತ್ತಾ ಗಂಟಲನ್ನೂ ಗುಂಯ್‌ಗುಡಿಸಿದರೆ ಬರುವ ಧ್ವನಿ. ‘ಟೆಲಿವಿಷನ್’ ಪದದ ಷ ಹತ್ತಿರ ಅದು ಕೇಳಿಸುತ್ತದೆ.

ಮೊದಲನೆಯ ಹೆಜ್ಜೆ: ಯಾವ ಪೋರ್ಚುಗೀಸ್ ಅಂತ ತೀರ್ಮಾನಿಸಿ

ಪೋರ್ಚುಗಲ್ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ಬ್ರೆಜಿಲ್‌ನದು 20 ಕೋಟಿ ದಾಟಿದೆ. ಇದಲ್ಲದೆ ಅಂಗೋಲಾ, ಮೊಜಾಂಬಿಕ್, ಕೇಪ್ ವರ್ಡ್, ಗಿನಿ-ಬಿಸಾವ್, ಸಾವೊ ಟೋಮೆ, ಪೂರ್ವ ತಿಮೋರ್, ಮಕಾವುಗಳಲ್ಲೂ ಇದು ಅಧಿಕೃತ ಭಾಷೆ. ಬರವಣಿಗೆಯ ವ್ಯಾಕರಣ ಎಲ್ಲ ಕಡೆ ಬಹುಮಟ್ಟಿಗೆ ಒಂದೇ. ಉಚ್ಚಾರಣೆ ಮಾತ್ರ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಒಂದು ಥರ, ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಇನ್ನೊಂದು ಥರ.

ಹಾಲಿಗೆ ಲಿಸ್ಬನ್‌ನಲ್ಲಿ ‘ಲೈತ್’ ಅಂತಾರೆ, ಬ್ರೆಜಿಲ್‌ನ ಬಹುಭಾಗದಲ್ಲಿ ‘ಲೇಚಿ’. ‘ಶುಭದಿನ’ ಅಲ್ಲಿ ‘ಬೋಂ ದೀಯ’, ಇಲ್ಲಿ ‘ಬೋಂ ಜೀಯ’. ಬ್ರೆಜಿಲ್‌ನಲ್ಲಿ ಇ-ಕಾರದ ಮುಂದೆ ತ ಚ ಆಗುತ್ತದೆ, ದ ಜ ಆಗುತ್ತದೆ. ಪದಗಳೂ ಬೇರೆ ಬೇರೆ. ಪೋರ್ಚುಗಲ್‌ನಲ್ಲಿ ರೈಲಿಗೆ ‘ಕೋಂಬೋಯು’, ಬ್ರೆಜಿಲ್‌ನಲ್ಲಿ ‘ತ್ರೇಂಯ್’. ಬಸ್ಸಿಗೆ ಅಲ್ಲಿ ‘ಆವ್ತೋಕಾಹು’, ಇಲ್ಲಿ ‘ಓನಿಬುಸ್’.

ನಿಮ್ಮ ಕೆಲಸ, ಓದು, ನೆಂಟರು ಎಲ್ಲಿದ್ದಾರೋ ಆ ದೇಶದ್ದನ್ನೇ ಆರಿಸಿಕೊಳ್ಳಿ. ಮೊದಲ ಆರು ತಿಂಗಳು ಎರಡನ್ನೂ ಕಲಸಬೇಡಿ. ಯಾವ ಕಾರಣವೂ ಇಲ್ಲ, ಸುಮ್ನೆ ಆಸಕ್ತಿಗೆ ಕಲಿಯುತ್ತೀರಾ? ಹಾಗಾದರೆ ಬ್ರೆಜಿಲ್‌ನದು ಕಿವಿಗೆ ಸುಲಭ, ಸ್ವರಗಳನ್ನು ಪೂರ್ತಿ ಬಿಡಿಸಿ ಹೇಳುತ್ತಾರೆ. ಈ ಲೇಖನದಲ್ಲಿ ಲಿಸ್ಬನ್ ಉಚ್ಚಾರಣೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಕಿವಿಗೆ ಕಷ್ಟವಾಗುವುದು ಅದೇ. ಬ್ರೆಜಿಲ್ ತೀರಾ ಬೇರೆಯಾಗುವ ಕಡೆ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಮೂಗಿನ ಸ್ವರ

ವ್ಯಾಕರಣ ಮುಟ್ಟುವ ಮೊದಲು ಇದನ್ನು ಮಾಡಿ. ಪೋರ್ಚುಗೀಸ್‌ನ ರುಚಿಯೇ ಮೂಗಿನ ಸ್ವರಗಳಲ್ಲಿದೆ, ಅರ್ಥವೂ ಅಲ್ಲೇ ನಿಂತಿದೆ.

ಯಾರಾದರೂ ಹೇಳಿದ್ದು ಕೇಳಿಸದಿದ್ದಾಗ ನಾವು ‘ಆಂ?’ ಅನ್ನುತ್ತೇವಲ್ಲ, ಆಗ ತುಟಿ ಮುಚ್ಚುವುದಿಲ್ಲ, ನಾಲಿಗೆ ಎಲ್ಲೂ ತಾಗುವುದಿಲ್ಲ. ಗಾಳಿ ಬಾಯಿ ಮೂಗು ಎರಡರಲ್ಲೂ ಹೋಗುತ್ತದೆ. ಅದೇ ಪೋರ್ಚುಗೀಸ್ ಮೂಗಿನ ಸ್ವರ. ಕೊಂಕಣಿ ಬಲ್ಲವರಿಗೆ ಇನ್ನೂ ಸಲೀಸು: ‘ಹಾಂವ್’, ‘ಗಾಂವ್’ ಅನ್ನುವಾಗಿನ ಕೊನೆಯ ಧ್ವನಿ ಇಲ್ಲಿ ಸಿಕ್ಕಾಪಟ್ಟೆ ಬರುತ್ತದೆ.

ಈಗ ಇವನ್ನು ಗಟ್ಟಿಯಾಗಿ ಹೇಳಿ. ನಾಂವ್ ಅಂದರೆ ಇಲ್ಲ, ಅಲ್ಲ. ಪಾಂವ್ ಅಂದರೆ ಬ್ರೆಡ್. ಮಾಂವ್ ಅಂದರೆ ಕೈ. ಮಾಂಯ್ ಅಂದರೆ ಅಮ್ಮ. ಇರ್ಮಾಂ ಅಂದರೆ ಅಕ್ಕ ಅಥವಾ ತಂಗಿ. ಮಸಾಂ ಅಂದರೆ ಸೇಬು. ಇವುಗಳ ಕಾಗುಣಿತದಲ್ಲಿ ಎ ಅಕ್ಷರದ ತಲೆ ಮೇಲೆ ಒಂದು ಅಲೆಗೆರೆ ಇರುತ್ತದೆ. ಅದನ್ನು ‘ತಿಲ್’ ಅಂತ ಕರೆಯುತ್ತಾರೆ. ಮೂಗಿನಿಂದ ಹೇಳಿ ಅನ್ನುವುದಕ್ಕೆ ಅದೇ ಗುರುತು. ಗೆರೆ ಬಿಟ್ಟು ಸುಮ್ನೆ ‘ಪಾವ್’ ಅಂದರೆ ಬ್ರೆಡ್ ಹೋಗಿ ಕೋಲು ಆಗುತ್ತದೆ.

ಕನ್ನಡಿಗರಿಗೆ ತೊಡಕಾಗುವ ಜಾಗ ಇನ್ನೊಂದಿದೆ. ಪದದ ಕೊನೆಯಲ್ಲಿ ಎಮ್ ಅಕ್ಷರ ಬಂದರೆ ಅದು ಮ್ ಅಲ್ಲ, ಹಿಂದಿನ ಸ್ವರವನ್ನು ಮೂಗಿಗೆ ಏರಿಸಿ ಅಂತ ಸೂಚನೆ ಮಾತ್ರ. ‘ಹೌದು’ ಅನ್ನುವ ಪದ ಬರವಣಿಗೆಯಲ್ಲಿ ಸಿಮ್ ಇದ್ದಂತೆ ಕಾಣುತ್ತದೆ, ಹೇಳುವುದು ‘ಸೀಂ’. ತುಟಿ ಮುಚ್ಚಿತೋ, ತಪ್ಪಾಯಿತು. ನಮ್ಮ ಸೊನ್ನೆಯನ್ನು ಪದದ ಕೊನೆಯಲ್ಲಿ ನಾವು ಮ್ ಅಂತಲೇ ಓದುವುದರಿಂದ ಈ ಚಾಳಿ ಬೇಗ ಬಿಡುವುದಿಲ್ಲ. ಕನ್ನಡಿ ಮುಂದೆ ನಿಂತು ಸೀಂ, ಊಂ (ಒಂದು), ಬೋಂ (ಒಳ್ಳೆಯ), ಬಾಂಯ್ (ಚೆನ್ನಾಗಿ) ಅಂತ ಹೇಳಿ ನೋಡಿ. ತುಟಿ ಕೊನೆವರೆಗೂ ತೆರೆದೇ ಇರಬೇಕು.

ಮೂರನೆಯ ಹೆಜ್ಜೆ: ಒತ್ತು ಎಲ್ಲಿ, ನುಂಗುವುದು ಎಲ್ಲಿ

ಕನ್ನಡದಲ್ಲಿ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ. ಲಿಸ್ಬನ್‌ನವರು ಹಾಗಲ್ಲ. ಪದದಲ್ಲಿ ಒಂದು ಅಕ್ಷರಕ್ಕೆ ಜೋರು ಕೊಟ್ಟು ಉಳಿದವನ್ನು ನುಂಗಿಬಿಡುತ್ತಾರೆ. ಟೆಲಿಫೋನ್ ಅನ್ನುವುದು ಅವರ ಬಾಯಲ್ಲಿ ಹೆಚ್ಚುಕಡಿಮೆ ‘ತ್ಲ್‌ಫೋನ್’. ಕಾಗದದ ಮೇಲೆ ಎಲ್ಲ ಅರ್ಥವಾಗಿ, ಕಿವಿಗೆ ಮಾತ್ರ ಒಂದು ಪದವೂ ಸಿಗುತ್ತಿಲ್ಲ ಅಂತ ಹೊಸಬರು ಗೋಳಾಡುವುದು ಇದರಿಂದಲೇ.

ನುಂಗುವುದಕ್ಕೂ ನಿಯಮ ಇದೆ. ಒತ್ತಿಲ್ಲದ ಓ ಅಕ್ಷರ ‘ಉ’ ಆಗುತ್ತದೆ. ಒತ್ತಿಲ್ಲದ ಇ ಅಕ್ಷರ ಪೋರ್ಚುಗಲ್‌ನಲ್ಲಿ ಹೆಚ್ಚಾಗಿ ಮಾಯವಾಗುತ್ತದೆ, ಬ್ರೆಜಿಲ್‌ನಲ್ಲಿ ಪದದ ಕೊನೆಗೆ ಬಂದರೆ ಹ್ರಸ್ವ ‘ಇ’ ಆಗುತ್ತದೆ. ಒತ್ತಿಲ್ಲದ ಎ ಅಕ್ಷರ ನಮ್ಮ ಹ್ರಸ್ವ ‘ಅ’, ಒತ್ತಿರುವುದು ನಮ್ಮ ‘ಆ’. ಈ ಕೊನೆಯದು ನಮಗೆ ಬಂದ ಲಾಭ: ಮನೆ ಅನ್ನುವ ಪದ ‘ಕಾಜ಼’, ಮೊದಲು ಆ, ಕೊನೆಗೆ ಅ. ಕನ್ನಡದ ಬಾಯಿಗೆ ಇದು ಹೇಳಿಕೊಡದೆ ಬರುತ್ತದೆ.

ಒತ್ತು ಎಲ್ಲಿ ಅಂತ ಗೊತ್ತಾಗುವುದು ಹೇಗೆ? ಪದ ಎ, ಇ, ಓ ಅಕ್ಷರಗಳಿಂದ ಮುಗಿದರೆ ಕೊನೆಯಿಂದ ಎರಡನೆಯದಕ್ಕೆ ಒತ್ತು. ಬಹುವಚನದ ಎಸ್ ಸೇರಿದರೂ ಅಷ್ಟೇ. ಆರ್, ಎಲ್, ಝೆಡ್, ಐ, ಯು ಅಕ್ಷರಗಳಿಂದ ಮುಗಿದರೆ ಕೊನೆಯದಕ್ಕೇ ಒತ್ತು: ಫಲಾರ್ (ಮಾತಾಡು), ಬ್ರಜ಼ೀಲ್, ಅಕೀ (ಇಲ್ಲಿ). ಈ ನಿಯಮ ಮೀರುವ ಪದಗಳಿಗೆ ಒತ್ತಿನ ಜಾಗದಲ್ಲೇ ಗುರುತು ಹಾಕಿರುತ್ತಾರೆ. ಹಾಗಾಗಿ ಗುರುತು ಕಂಡರೆ ಕಣ್ಣುಮುಚ್ಚಿ ಅಲ್ಲೇ ಒತ್ತು ಕೊಡಿ. ಒತ್ತು ಕೊಡುವುದು ಅಭ್ಯಾಸವಿಲ್ಲದಿದ್ದರೆ ಆ ಸ್ವರವನ್ನು ದೀರ್ಘ ಮಾಡಿ ಹೇಳಿ, ಮುಕ್ಕಾಲು ಕೆಲಸ ಆದಂತೆ.

ಒತ್ತು ತಪ್ಪಿದರೆ ಏನಾಗುತ್ತದೆ ನೋಡಿ. ‘ಸಾಬಿಯ’ ಅಂದರೆ ವಿವೇಕವುಳ್ಳವಳು. ‘ಸಬೀಯ’ ಅಂದರೆ ಗೊತ್ತಿತ್ತು. ‘ಸಬಿಯಾ’ ಅಂದರೆ ಬ್ರೆಜಿಲ್‌ನ ಒಂದು ಹಾಡುಹಕ್ಕಿ. ಅಕ್ಷರಗಳು ಅವೇ, ಜೋರು ಬಿದ್ದ ಜಾಗ ಬೇರೆ.

ಇನ್ನು ತೆರೆದ ಸ್ವರ, ಮುಚ್ಚಿದ ಸ್ವರ ಅಂತ ಒಂದು ಭೇದವಿದೆ. ಅಜ್ಜ ಮತ್ತು ಅಜ್ಜಿ ಎರಡೂ ಕೇಳಲು ‘ಅವೋ’. ಅಜ್ಜ ಅನ್ನುವಾಗ ತುಟಿ ಗುಂಡಗೆ ಬಿಗಿ, ನಮ್ಮ ‘ಓ’ ಹಾಗೆಯೇ. ಅಜ್ಜಿ ಅನ್ನುವಾಗ ದವಡೆ ಕೆಳಗಿಳಿದು ‘ಆ’ ಕಡೆಗೆ ವಾಲುತ್ತದೆ. ಇದು ಒಂದೇ ವಾರಕ್ಕೆ ಬರುವುದಲ್ಲ. ಚಿಂತೆ ಬೇಡ, ಜನ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ.

ನಾಲ್ಕನೆಯ ಹೆಜ್ಜೆ: ವ್ಯಂಜನ

ಇಲ್ಲಿ ನಮಗೆ ಕೆಲಸ ಕಡಿಮೆ. ಪೋರ್ಚುಗೀಸ್ ತ, ದ ಅಂದರೆ ನಮ್ಮ ತ, ದ. ಇಂಗ್ಲಿಷ್ ಅಭ್ಯಾಸದಿಂದ ಟ, ಡ ಅನ್ನಬೇಡಿ. ಪ, ಕ ಕೂಡ ನಮ್ಮವೇ, ಉಸಿರು ಸೇರಿಸಬೇಡಿ. ಎನ್ ಮತ್ತು ಎಚ್ ಜೋಡಿ ಕಂಡರೆ ನಮ್ಮ ವರ್ಣಮಾಲೆಯ ಞ: ‘ವೀಞು’ (ವೈನ್), ‘ಅಮಞಾಂ’ (ನಾಳೆ). ಎಲ್ ಮತ್ತು ಎಚ್ ಜೋಡಿ ‘ಲ್ಯ’ ಹತ್ತಿರ: ‘ಫೀಲ್ಯು’ (ಮಗ). ಸಿ ಮತ್ತು ಎಚ್ ಜೋಡಿ ಶ: ‘ಶಾ’ (ಚಹಾ), ‘ಶೂವ’ (ಮಳೆ). ಪದದ ಮೊದಲ ಎಚ್ ಬರೀ ಬರವಣಿಗೆಗೆ, ಬಾಯಿಗಲ್ಲ: ಗಂಟೆ ಅನ್ನುವುದಕ್ಕೆ ‘ಓರ’. ಸಿ ಅಕ್ಷರದ ಕೆಳಗೆ ಬಾಲ ಇದ್ದರೆ ಅದು ಯಾವಾಗಲೂ ಸ.

ಜೆ ಅಕ್ಷರ ನಮ್ಮ ಜ ಅಲ್ಲ, ಝ಼. ಇ ಅಥವಾ ಐ ಮುಂದೆ ಬರುವ ಜಿ ಕೂಡ ಅದೇ. ಕಿಟಕಿ ‘ಝ಼ನೇಲ’, ಇವತ್ತು ‘ಓಝ಼್’.

ಎಸ್ ಅಕ್ಷರಕ್ಕೆ ನಾಲ್ಕು ವೇಷ. ಪದದ ಮೊದಲು ಸ. ಎರಡು ಸ್ವರಗಳ ನಡುವೆ ಜ಼. ಪದದ ಕೊನೆಯಲ್ಲಿ ಲಿಸ್ಬನ್‌ನಲ್ಲಿ ಶ್: ಭಾಷೆಯ ಹೆಸರೇ ಅವರ ಬಾಯಲ್ಲಿ ‘ಪುರ್ತುಗೇಶ್’. ಬ, ದ, ಮ ಥರದ ವ್ಯಂಜನದ ಮುಂದೆ ಝ಼್: ಅವರ ರಾಜಧಾನಿ ‘ಲಿಝ಼್‌ಬೋವ’. ಕೊನೆಯ ಎಸ್ ರಿಯೊದಲ್ಲಿ ಶ್, ಸಾವೊ ಪಾವ್ಲೊದಲ್ಲಿ ಸ್.

ಆರ್ ಬಗ್ಗೆ ಸ್ವಲ್ಪ ನಿಲ್ಲೋಣ. ಎರಡು ಸ್ವರಗಳ ನಡುವೆ ಒಂಟಿ ಆರ್ ಬಂದರೆ ನಮ್ಮ ರ. ಪದದ ಮೊದಲಿಗೆ ಬಂದರೆ ಅಥವಾ ಜೋಡಿ ಆರ್ ಇದ್ದರೆ ಗಂಟಲಿನಿಂದ ಬರುವ ಒರಟು ಹ. ‘ಕಾರು’ ಅಂದರೆ ದುಬಾರಿ, ‘ಕಾಹು’ ಅಂದರೆ ಕಾರು! ರಸ್ತೆಗೆ ‘ಹೂವ’ ಅಂತಾರೆ. ರೊನಾಲ್ಡೊ ಹೆಸರನ್ನು ಅವರ ದೇಶದವರು ‘ಹೊನಾಲ್ದು’ ಅನ್ನುವುದನ್ನು ಯಾವುದಾದರೂ ಪೋರ್ಚುಗೀಸ್ ಫುಟ್‌ಬಾಲ್ ಕಾಮೆಂಟರಿಯಲ್ಲಿ ಕೇಳಿ, ಒಂದೇ ಸಲಕ್ಕೆ ಮನಸ್ಸಿನಲ್ಲಿ ಕೂರುತ್ತದೆ.

ಎಕ್ಸ್ ಅಕ್ಷರಕ್ಕೆ ಮಾತ್ರ ನಿಯಮ ಹುಡುಕಬೇಡಿ. ‘ಪೈಶ್’ (ಮೀನು) ಅನ್ನುವಲ್ಲಿ ಶ, ‘ಇಜ಼ಾಮ್’ (ಪರೀಕ್ಷೆ) ಅನ್ನುವಲ್ಲಿ ಜ಼, ‘ಪ್ರೋಸಿಮು’ (ಮುಂದಿನ) ಅನ್ನುವಲ್ಲಿ ಸ, ‘ತಾಕ್ಸಿ’ ಅನ್ನುವಲ್ಲಿ ಕ್ಸ. ಪದದ ಜೊತೆಗೇ ಕಲಿಯಬೇಕು.

ಐದನೆಯ ಹೆಜ್ಜೆ: ನಾಮಪದ ಒಂಟಿಯಾಗಿ ಕಲಿಯಬೇಡಿ

ಇದು ನಮಗೆ ನಿಜವಾದ ಗುಡ್ಡ. ಕನ್ನಡದಲ್ಲಿ ಮನುಷ್ಯರಲ್ಲದ್ದು ಎಲ್ಲ ‘ಅದು’. ಪೋರ್ಚುಗೀಸ್‌ನಲ್ಲಿ ನಪುಂಸಕಲಿಂಗದ ನಾಮಪದವೇ ಇಲ್ಲ. ಪುಸ್ತಕ ಗಂಡು, ಕುರ್ಚಿ ಹೆಣ್ಣು. ಗಂಡಿನ ಮುಂದೆ ‘ಉ’, ಹೆಣ್ಣಿನ ಮುಂದೆ ‘ಅ’ ಅನ್ನುವ ಗುರುತುಪದ ಬರುತ್ತದೆ. ಬಹುವಚನದಲ್ಲಿ ಅವು ‘ಉಶ್’, ‘ಅಶ್’. ‘ಒಂದು’ ಅನ್ನಲು ಗಂಡಿಗೆ ‘ಊಂ’, ಹೆಣ್ಣಿಗೆ ‘ಊಮ’.

ಅಭ್ಯಾಸಕ್ಕೆ ನಮ್ಮ ಮನೆಯಲ್ಲೇ ಇರುವ ಪದಗಳಿಂದ ಶುರುಮಾಡಿ. ಪಶ್ಚಿಮ ಕರಾವಳಿಯ ವ್ಯಾಪಾರದ ಕಾಲದಲ್ಲಿ ಬಂದು ನಮ್ಮಲ್ಲೇ ಉಳಿದುಬಿಟ್ಟ ಪೋರ್ಚುಗೀಸ್ ಪದಗಳಿವು. ಚಾವಿ: ಅ ಶಾವ್. ಬಾಲ್ದಿ: ಉ ಬಾಲ್ದ್. ಬಟಾಟೆ: ಅ ಬತಾತ. ಅನಾನಸ್: ಉ ಅನನಾಶ್. ಕರಾವಳಿಯ ಜನೆಲು: ಅ ಝ಼ನೇಲ. ಇಗರ್ಜಿ: ಅ ಇಗ್ರೈಝ಼. ಅಲ್ಮೇರಾ: ಉ ಅರ್ಮಾರಿಯು. ನಾವು ಚಾವಿ ಅಂತೀವಿ, ಅವರು ಶಾವ್ ಅಂತಾರೆ. ಆ ಪದ ಇಲ್ಲಿಗೆ ಬಂದ ಕಾಲದಲ್ಲಿ ಅವರೂ ಚ ಅನ್ನುತ್ತಿದ್ದರು, ಆಮೇಲೆ ಅದು ಶ ಆಯಿತು. ಪಗಾರ ಕೂಡ ಅಲ್ಲಿಂದಲೇ ಬಂದಿದ್ದು. ‘ಪಗಾರ್’ ಅಂದರೆ ಹಣ ಕೊಡು.

ಓ ಅಕ್ಷರದಿಂದ ಮುಗಿದರೆ ಹೆಚ್ಚಾಗಿ ಗಂಡು, ಎ ಅಕ್ಷರದಿಂದ ಮುಗಿದರೆ ಹೆಚ್ಚಾಗಿ ಹೆಣ್ಣು. ತಪ್ಪಿಸಿಕೊಳ್ಳುವವೂ ಇವೆ: ದಿನ (ಉ ದೀಯ), ನಕ್ಷೆ (ಉ ಮಾಪ), ಸಮಸ್ಯೆ (ಉ ಪ್ರುಬ್ಲೇಮ) ಇವು ಗಂಡು. ಕೈ (ಅ ಮಾಂವ್) ಹೆಣ್ಣು. ಕೊನೆಗೆ ‘ದಾದ್’ ಬರುವ ಪದಗಳು ಹೆಣ್ಣು, ‘ಸಿದಾದ್’ (ನಗರ) ಥರ. ಬಾಲದ ಸಿ ಸೇರಿ ‘ಸಾಂವ್’ ಅಂತ ಮುಗಿಯುವ ಭಾವನಾಮಗಳೂ ಹೆಣ್ಣೇ: ಅ ಲಿಸಾಂವ್ (ಪಾಠ).

ಹಾಗಾಗಿ ನೋಟ್‌ಬುಕ್ಕಿನಲ್ಲಿ ‘ಶಾವ್’ ಅಂತ ಬರೆಯಲೇಬೇಡಿ. ‘ಅ ಶಾವ್’ ಅಂತಲೇ ಬರೆಯಿರಿ, ಅದೇ ಒಂದು ಪದ ಅನ್ನುವ ಹಾಗೆ ಬಾಯಿಪಾಠ ಮಾಡಿ. ಈ ಒಂದು ಅಭ್ಯಾಸ ಮುಂದೆ ಎಷ್ಟೋ ಒದ್ದಾಟ ಉಳಿಸುತ್ತದೆ.

ವಿಶೇಷಣ ನಾಮಪದದ ಹಿಂದೆ ಬರುತ್ತದೆ, ಲಿಂಗ ವಚನ ಎರಡನ್ನೂ ಅನುಸರಿಸುತ್ತದೆ. ಹೊಸ ಕಾರು: ಉ ಕಾಹು ನೋವು. ಹೊಸ ಮನೆ: ಅ ಕಾಜ಼ ನೋವ. ಹೊಸ ಮನೆಗಳು: ಅಶ್ ಕಾಜ಼ಶ್ ನೋವಶ್. ಧನ್ಯವಾದಕ್ಕೂ ಇದೇ ನಿಯಮ, ಆದರೆ ನೋಡಬೇಕಾದದ್ದು ಹೇಳುವವರ ಲಿಂಗವನ್ನು. ಗಂಡಸರು ‘ಒಬ್ರಿಗಾದು’ ಅನ್ನಬೇಕು, ಹೆಂಗಸರು ‘ಒಬ್ರಿಗಾದ’. ಎದುರಿಗಿರುವವರು ಯಾರಾದರೂ ಇರಲಿ.

ಬಹುವಚನಕ್ಕೆ ಎಸ್ ಸೇರಿಸಿದರೆ ಸಾಕು, ಬಹುತೇಕ ಕಡೆ. ‘ಆಂವ್’ ಅಂತ ಮುಗಿಯುವವು ಮಾತ್ರ ಮೂರು ದಾರಿ ಹಿಡಿಯುತ್ತವೆ: ಲಿಮಾಂವ್ (ನಿಂಬೆ) ‘ಲಿಮೋಂಯ್ಶ್’ ಆಗುತ್ತದೆ, ಪಾಂವ್ ‘ಪಾಂಯ್ಶ್’ ಆಗುತ್ತದೆ, ಮಾಂವ್ ‘ಮಾಂವ್ಶ್’ ಆಗುತ್ತದೆ. ಮೊದಲನೆಯದೇ ಜಾಸ್ತಿ. ಗೊತ್ತಿಲ್ಲದಿದ್ದರೆ ಅದನ್ನೇ ಹೇಳಿ.

ಆರನೆಯ ಹೆಜ್ಜೆ: ಕ್ರಿಯಾಪದ

ಇಲ್ಲಿ ನೀವು ಮನೆಗೆ ಬಂದಂತೆ. ‘ಮಾತಾಡುತ್ತೇನೆ’ ಅಂದರೆ ‘ನಾನು’ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಪೋರ್ಚುಗೀಸ್‌ನಲ್ಲೂ ಹಾಗೇ. ‘ಎವ್’ ಅಂದರೆ ನಾನು. ಆದರೆ ಪೋರ್ಚುಗಲ್‌ನಲ್ಲಿ ಅದನ್ನು ಬಿಟ್ಟು ಹೇಳುವುದೇ ಸಹಜ.

ಮೂಲರೂಪ ಆರ್, ಏರ್, ಈರ್ ಅಂತ ಮೂರು ಥರ ಮುಗಿಯುತ್ತದೆ. ಮೊದಲ ಗುಂಪೇ ಎಲ್ಲಕ್ಕಿಂತ ದೊಡ್ಡದು. ‘ಫಲಾರ್’ ತೆಗೆದುಕೊಳ್ಳೋಣ.

ಫಾಲು: ಮಾತಾಡುತ್ತೇನೆ
ಫಾಲಶ್: ಮಾತಾಡುತ್ತೀಯ
ಫಾಲ: ಮಾತಾಡುತ್ತಾನೆ, ಮಾತಾಡುತ್ತಾಳೆ, (ಗೌರವದ) ಮಾತಾಡುತ್ತೀರಿ
ಫಲಮುಶ್: ಮಾತಾಡುತ್ತೇವೆ
ಫಾಲಾಂವ್: ಮಾತಾಡುತ್ತಾರೆ

ಅವನು ಅವಳು ಅನ್ನುವ ಭೇದ ಕ್ರಿಯಾಪದದಲ್ಲಿ ಇಲ್ಲ, ಅಷ್ಟರಮಟ್ಟಿಗೆ ಕನ್ನಡಕ್ಕಿಂತಲೂ ಹಗುರ. ‘ಕುಮೇರ್’ (ತಿನ್ನು) ಇದ್ದರೆ: ಕೋಮು, ಕೋಮ್ಶ್, ಕೋಮ್, ಕುಮೇಮುಶ್, ಕೋಮಾಂಯ್. ‘ಅಬ್ರೀರ್’ (ತೆರೆ) ಇದ್ದರೆ: ಆಬ್ರು, ಆಬ್ರ್ಶ್, ಆಬ್ರ್, ಅಬ್ರೀಮುಶ್, ಆಬ್ರಾಂಯ್. ‘ನಾನು’ ರೂಪಕ್ಕೆ ಎಲ್ಲ ಕಡೆ ಉ, ‘ನಾವು’ ರೂಪಕ್ಕೆ ಎಲ್ಲ ಕಡೆ ಮುಶ್ ಅನ್ನುವುದನ್ನು ಗಮನಿಸಿ.

ಭೂತಕಾಲ: ಫಲೈ (ಮಾತಾಡಿದೆ), ಫಲಾಶ್ತ್, ಫಲೋ, ಫಲಾಮುಶ್, ಫಲಾರಾಂವ್. ಫಲಮುಶ್ ಅಂದರೆ ಮಾತಾಡುತ್ತೇವೆ, ಫಲಾಮುಶ್ ಅಂದರೆ ಮಾತಾಡಿದೆವು. ಪೋರ್ಚುಗಲ್‌ನಲ್ಲಿ ಈ ಅ-ಆ ವ್ಯತ್ಯಾಸ ಸ್ಪಷ್ಟ, ನಮ್ಮ ಕಿವಿಗೆ ತಟ್ಟನೆ ಸಿಗುತ್ತದೆ.

ಭವಿಷ್ಯಕ್ಕೆ ಸದ್ಯಕ್ಕೆ ಹೊಸ ರೂಪ ಬೇಡ. ‘ಹೋಗು’ ಅನ್ನುವ ಕ್ರಿಯಾಪದ ಕಲಿತರೆ ಸಾಕು: ವೋ, ವಾಯ್ಶ್, ವಾಯ್, ವಮುಶ್, ವಾಂವ್. ಅದರ ನಂತರ ಮೂಲರೂಪ ಇಡಿ. ‘ಅಮಞಾಂ ವೋ ಫಲಾರ್’: ನಾಳೆ ಮಾತಾಡುತ್ತೇನೆ.

ಈಗ ನಡೆಯುತ್ತಿರುವ ಕೆಲಸಕ್ಕೆ ಬ್ರೆಜಿಲ್‌ನವರು ‘ಎಸ್ತೋ ಫಲಾಂದು’ ಅಂತಾರೆ. ಎಸ್ತೋ ಅಂದರೆ ಇದ್ದೇನೆ, ಫಲಾಂದು ಅಂದರೆ ಮಾತಾಡ್ತಾ. ನಮ್ಮ ‘ಮಾತಾಡ್ತಾ ಇದ್ದೇನೆ’ ಅನ್ನುವ ಕಟ್ಟೇ ಇದು. ಪೋರ್ಚುಗಲ್‌ನಲ್ಲಿ ಇದನ್ನೇ ‘ಶ್ತೋ ಅ ಫಲಾರ್’ ಅನ್ನುತ್ತಾರೆ.

‘ಇಲ್ಲ’ ಅನ್ನಬೇಕಾದರೆ ಕ್ರಿಯಾಪದದ ಮುಂದೆ ನಾಂವ್ ಇಡಿ: ‘ನಾಂವ್ ಫಾಲು ಪುರ್ತುಗೇಶ್’. ಪ್ರಶ್ನೆಗೆ ಪದ ತಿರುಗಿಸುವುದು ಬೇಡ, ರಾಗ ಏರಿಸಿದರೆ ಸಾಕು. ಉತ್ತರ ಕೊಡುವಾಗ ಪಕ್ಕಾ ನಮ್ಮ ಥರ. ‘ಬರ್ತೀರಾ?’ ಅಂದರೆ ನಾವು ‘ಹೌದು’ ಅನ್ನುವುದಕ್ಕಿಂತ ‘ಬರ್ತೀನಿ’ ಅನ್ನುವುದೇ ಜಾಸ್ತಿ. ‘ಫಾಲ ಇಂಗ್ಲೇಶ್?’ ಅಂತ ಕೇಳಿದರೆ ಅವರೂ ‘ಫಾಲು’ ಅನ್ನುತ್ತಾರೆ. ಇಂಗ್ಲಿಷ್‌ನಿಂದ ಬಂದವರು ಪ್ರತಿಸಲ ‘ಸೀಂ, ಸೀಂ’ ಅನ್ನುತ್ತಾ ಕೂರುತ್ತಾರೆ.

ಏಳನೆಯ ಹೆಜ್ಜೆ: ಎರಡು ‘ಇರು’, ಒಂದು ‘ನನಗೆ ಇದೆ’

‘ನಾನು ಎಂಜಿನಿಯರ್’ ಅನ್ನಲು ಕನ್ನಡಕ್ಕೆ ಕ್ರಿಯಾಪದವೇ ಬೇಡ. ಪೋರ್ಚುಗೀಸ್‌ಗೆ ಬೇಕು. ಅಂಥ ಕಡೆ ಬರುವುದು ‘ಸೇರ್’: ಸೋ, ಏಶ್, ಏ, ಸೋಮುಶ್, ಸಾಂವ್. ಯಾರು, ಯಾವ ಊರಿನವರು, ಏನು ಕೆಲಸ, ಎಂಥ ಸ್ವಭಾವ, ಎಲ್ಲದಕ್ಕೂ ಇದೇ.

ಈ ಹೊತ್ತಿನ ಸ್ಥಿತಿ ಹೇಳಲು ‘ಶ್ತಾರ್’: ಶ್ತೋ, ಶ್ತಾಶ್, ಶ್ತಾ, ಶ್ತಮುಶ್, ಶ್ತಾಂವ್. ಬ್ರೆಜಿಲ್‌ನಲ್ಲಿ ಮೊದಲಿಗೆ ಒಂದು ಎ-ಕಾರದ ಧ್ವನಿ ಸೇರಿ ‘ಎಸ್ತೋ’. ಯಾವುದು ಬಳಸಬೇಕು ಅಂತ ಗೊಂದಲವಾದರೆ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಆಗಿದೆ’, ‘ಇದ್ದೇನೆ’ ಸಹಜವಾಗಿ ಬಂದರೆ ಹೆಚ್ಚಾಗಿ ಶ್ತಾರ್. ‘ಕಾಫಿ ಬಿಸಿಯಾಗಿದೆ’: ಉ ಕಫೇ ಶ್ತಾ ಕೇಂತ್. ‘ಸುಸ್ತಾಗಿದೆ’: ಶ್ತೋ ಕಂಸಾದು, ಹೆಂಗಸರಾದರೆ ಕಂಸಾದ. ಕ್ರಿಯಾಪದವೇ ಇಲ್ಲದೆ ಕನ್ನಡ ವಾಕ್ಯ ಮುಗಿದರೆ ಹೆಚ್ಚಾಗಿ ಸೇರ್. ‘ಅವಳು ಡಾಕ್ಟರ್’: ಏಲ ಏ ಮೇದಿಕ. ನೂರಕ್ಕೆ ನೂರು ನಡೆಯುವ ಸೂತ್ರವಲ್ಲ, ಆದರೆ ಶುರುವಿಗೆ ಇಂಗ್ಲಿಷ್‌ಗಿಂತ ಎಷ್ಟೋ ಮೇಲು. ಊರು, ಕಟ್ಟಡ ಎಲ್ಲಿದೆ ಅನ್ನುವುದಕ್ಕೆ ಮಾತ್ರ ‘ಫೀಕ’ ಬಳಸಿ: ‘ಓಂದ್ ಫೀಕ ಅ ಶ್ತಸಾಂವ್?’ ಅಂದರೆ ಸ್ಟೇಷನ್ ಎಲ್ಲಿದೆ? ಪೋರ್ಚುಗಲ್‌ನಲ್ಲಿ ಫೋನ್ ಎತ್ತಿದವರು ಹಲೋ ಬದಲು ‘ಶ್ತೋ?’ ಅನ್ನುತ್ತಾರೆ, ‘ಇದ್ದೇನೆ’ ಅಂತ.

‘ನನಗೆ ಇಬ್ಬರು ಮಕ್ಕಳು’, ‘ನನಗೆ 30 ವರ್ಷ’, ‘ನನಗೆ ಹಸಿವು’ ಈ ಮೂರಕ್ಕೂ ಒಂದೇ ಪದ, ‘ತೇಞು’. ತೇಞು ದೋಯ್ಶ್ ಫೀಲ್ಯುಶ್. ತೇಞು ತ್ರೀಂತ ಅನುಶ್. ತೇಞು ಫೋಮ್. ನಾವು ‘ನನಗೆ’ ಹಾಕುವ ಎಷ್ಟೋ ಜಾಗದಲ್ಲಿ ಅವರು ತೇಞು ಹಾಕುತ್ತಾರೆ.

ಎಂಟನೆಯ ಹೆಜ್ಜೆ: ವಿಭಕ್ತಿ ಮುಂದೆ ಬರುತ್ತದೆ, ಸಂಧಿಯೂ ಆಗುತ್ತದೆ

ನಮ್ಮ ‘ಅಲ್ಲಿ’, ‘ಇಂದ’, ‘ಗೆ’ ಪದದ ಹಿಂದೆ ಅಂಟುತ್ತವೆ. ಅವರದು ಪದದ ಮುಂದೆ. ‘ಆಂಯ್’ ಅಂದರೆ ಅಲ್ಲಿ, ‘ದ್’ ಅಂದರೆ ಇಂದ ಅಥವಾ ಷಷ್ಠಿಯ ‘ಅ’, ಒಂಟಿ ‘ಅ’ ಅಂದರೆ ಗೆ. ಇವುಗಳ ಎದುರಿಗೆ ಉ, ಅ ಗುರುತುಪದ ಬಂದರೆ ಎರಡೂ ಕೂಡಿಬಿಡುತ್ತವೆ. ದ್ ಮತ್ತು ಉ ಸೇರಿ ‘ದು’, ದ್ ಮತ್ತು ಅ ಸೇರಿ ‘ದ’. ಆಂಯ್ ಮತ್ತು ಉ ಸೇರಿ ‘ನು’, ಆಂಯ್ ಮತ್ತು ಅ ಸೇರಿ ‘ನ’. ಅ ಮತ್ತು ಅ ಸೇರಿದರೆ ದೀರ್ಘ ‘ಆ’, ನಮ್ಮ ಸವರ್ಣದೀರ್ಘ ಸಂಧಿಯೇ.

‘ಸೋ ದ ಈಂದಿಯ’: ನಾನು ಭಾರತದವನು. ‘ನ ಈಂದಿಯ’: ಭಾರತದಲ್ಲಿ. ‘ನು ಬ್ರಜ಼ೀಲ್’: ಬ್ರೆಜಿಲ್‌ನಲ್ಲಿ. ಪೋರ್ಚುಗಲ್‌ಗೆ ಗುರುತುಪದ ಇಲ್ಲ, ಹಾಗಾಗಿ ‘ಆಂಯ್ ಪುರ್ತುಗಾಲ್’. ಬಹುಪಾಲು ಊರುಗಳಿಗೂ ಇಲ್ಲ: ‘ಮೋರು ಆಂಯ್ ಬೆಂಗಳೂರು’ ಅಂದರೆ ಬೆಂಗಳೂರಿನಲ್ಲಿ ವಾಸ.

ಒಂಬತ್ತನೆಯ ಹೆಜ್ಜೆ: ನೀನು, ನೀವು

‘ತು’ ಅಂದರೆ ನೀನು. ಸ್ನೇಹಿತರಿಗೆ, ಮನೆಯವರಿಗೆ, ಮಕ್ಕಳಿಗೆ. ಬ್ರೆಜಿಲ್‌ನಲ್ಲಿ ಬಹುತೇಕ ಎಲ್ಲರಿಗೂ ‘ವೊಸೇ’ ನಡೆಯುತ್ತದೆ. ಪೋರ್ಚುಗಲ್‌ನಲ್ಲಿ ವೊಸೇ ಅಂದರೆ ಕೆಲವರಿಗೆ ಒರಟು ಅನ್ನಿಸುತ್ತದೆ. ಗುರುತಿಲ್ಲದವರಿಗೆ, ಹಿರಿಯರಿಗೆ, ಕಚೇರಿಗಳಲ್ಲಿ ‘ಉ ಸಿಞೋರ್’ (ಗಂಡಸರಿಗೆ), ‘ಅ ಸಿಞೋರ’ (ಹೆಂಗಸರಿಗೆ) ಅನ್ನಿ. ‘ತು’ ಬಿಟ್ಟು ಇವೆಲ್ಲಕ್ಕೂ ಕ್ರಿಯಾಪದ ‘ಅವನು’ ರೂಪದಲ್ಲೇ: ‘ಉ ಸಿಞೋರ್ ಫಾಲ ಇಂಗ್ಲೇಶ್?’ ಸರ್ವನಾಮ ಪೂರ್ತಿ ಬಿಟ್ಟು ‘ಫಾಲ ಇಂಗ್ಲೇಶ್?’ ಅಂದರೂ ಮರ್ಯಾದೆ ಕೆಡುವುದಿಲ್ಲ. ಗೊಂದಲವಾದಾಗ ಅದೇ ಒಳ್ಳೆಯ ದಾರಿ.

ಹತ್ತನೆಯ ಹೆಜ್ಜೆ: ಕಾಫಿ ಅಂಗಡಿಯಲ್ಲಿ

ಈಗ ಎಲ್ಲವನ್ನೂ ಒಂದು ಕಡೆ ಬಳಸಿ ನೋಡೋಣ. ಲಿಸ್ಬನ್‌ನ ಕಾಫಿ ಅಂಗಡಿ, ಬೆಳಗ್ಗೆ.

– ಬೋಂ ದೀಯ. ಕ್‌ರೀಯ ಊಮ ಮೈಯ ದ್ ಲೈತ್ ಇ ಊಂ ಪಾಂವ್ ಕೋಂ ಮಂತೈಗ, ಸ್ ಫಾಶ್ ಫವೋರ್.
– ಮಾಯ್ಜ಼್ ಆಲ್ಗೂಮ ಕೋಯ್ಜ಼?
– ನಾಂವ್, ಏ ತೂದು. ಕ್ವಾಂತು ಏ?
– ತ್ರೇಜ಼್ ಎವ್ರುಜ಼್ ಇ ವೀಂತ್.
– ಒಬ್ರಿಗಾದು.

‘ಶುಭದಿನ. ಒಂದು ಹಾಲು ಕಾಫಿ, ಒಂದು ಬೆಣ್ಣೆ ಹಚ್ಚಿದ ಬ್ರೆಡ್ ಬೇಕಿತ್ತು, ದಯವಿಟ್ಟು.’ ‘ಇನ್ನೇನಾದರೂ?’ ‘ಇಲ್ಲ, ಅಷ್ಟೇ. ಎಷ್ಟಾಯ್ತು?’ ‘ಮೂರು ಯೂರೊ ಇಪ್ಪತ್ತು.’ ‘ಧನ್ಯವಾದ.’

ಎರಡು ಸಂಗತಿ ನೋಡಿ. ‘ಕೇರು’ ಅಂದರೆ ಬೇಕು, ‘ಕ್‌ರೀಯ’ ಅಂದರೆ ಬೇಕಿತ್ತು. ಅಂಗಡಿಗೆ ಹೋಗಿ ನಾವು ‘ಅರ್ಧ ಕೇಜಿ ಸಕ್ಕರೆ ಬೇಕಿತ್ತು’ ಅನ್ನುತ್ತೇವಲ್ಲ, ಅವರ ಸೌಜನ್ಯವೂ ಭೂತಕಾಲದಲ್ಲೇ ಇದೆ. ಎರಡನೆಯದು, ಸುಮ್ನೆ ‘ಊಂ ಕಫೇ’ ಅಂದರೆ ಪುಟ್ಟ ಬಟ್ಟಲಿನಲ್ಲಿ ಹಾಲಿಲ್ಲದ ಕಹಿ ಎಸ್ಪ್ರೆಸೊ ಬರುತ್ತದೆ. ಲಿಸ್ಬನ್‌ನವರು ಅದನ್ನು ‘ಬೀಕ’ ಅಂತಲೂ ಕರೆಯುತ್ತಾರೆ. ಫಿಲ್ಟರ್ ಕಾಫಿ ರೂಢಿಯವರಿಗೆ ಹತ್ತಿರ ಅನ್ನಿಸುವುದು ‘ಮೈಯ ದ್ ಲೈತ್’, ಅರ್ಧ ಹಾಲು ಅರ್ಧ ಕಾಫಿ. ಇನ್ನೂ ಹಾಲು ಜಾಸ್ತಿ ಬೇಕಾದರೆ ಗಾಜಿನ ಲೋಟದಲ್ಲಿ ಕೊಡುವ ‘ಗಲಾಂವ್’ ಇದೆ.

ಅಂಗಡಿ ಬಾಗಿಲ ಮೇಲಿನ ವೇಳಾಪಟ್ಟಿ ಓದಲು ವಾರದ ಹೆಸರು ಬೇಕು. ಸೋಮವಾರ ‘ಸಿಗೂಂದ ಫೈರ’, ಅಂದರೆ ಎರಡನೆಯದು. ಮಂಗಳವಾರ ಮೂರನೆಯದು, ಹೀಗೇ ಶುಕ್ರವಾರ ಆರನೆಯದು. ಶನಿವಾರ ‘ಸಾಬದು’, ಭಾನುವಾರ ‘ದುಮೀಂಗು’. ಬೋರ್ಡಿನಲ್ಲಿ 2 ಮತ್ತು 6 ಅಂಕಿಗಳ ಪಕ್ಕ ಪುಟ್ಟ ಎ ಅಕ್ಷರ ಕಂಡರೆ ಸೋಮವಾರದಿಂದ ಶುಕ್ರವಾರ ಅಂತ ಓದಿಕೊಳ್ಳಿ.

ಅಭ್ಯಾಸ ಹೇಗೆ?

ಮೊದಲ ಎರಡು ವಾರ ಬರೀ ಕಿವಿ ಮತ್ತು ಬಾಯಿ. ಮೂಗಿನ ಸ್ವರ, ಹ-ರ ಭೇದ, ಕೊನೆಯ ಶ್. ಪೋರ್ಚುಗಲ್‌ನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಪಿಯ ಸುದ್ದಿಯನ್ನು ಅರ್ಥವಾಗದಿದ್ದರೂ ದಿನಾ ಹತ್ತು ನಿಮಿಷ ಕೇಳಿ, ಸಿಕ್ಕಿದ ಪದ ಗುರುತು ಹಾಕಿಕೊಳ್ಳಿ. ಆಮೇಲೆ ದಿನಕ್ಕೆ ಐದು ನಾಮಪದ, ಗುರುತುಪದ ಸಮೇತ. ವಾರಕ್ಕೆ ಎರಡು ಕ್ರಿಯಾಪದ, ಬರೀ ನಾನು, ಅವನು, ನಾವು ರೂಪಗಳು. ಉಳಿದವು ಹಿಂದೆಯೇ ಬರುತ್ತವೆ.

ಹಳೆಯ ಪುಸ್ತಕ ಸಿಕ್ಕಿದರೆ ಕೆಲವು ಪದಗಳಲ್ಲಿ ಉಚ್ಚರಿಸದ ಸಿ, ಪಿ ಅಕ್ಷರಗಳು ಕಾಣುತ್ತವೆ. ಪೋರ್ಚುಗೀಸ್ ದೇಶಗಳು 1990ರಲ್ಲಿ ಕಾಗುಣಿತದ ಒಪ್ಪಂದ ಮಾಡಿಕೊಂಡು ಅವನ್ನು ತೆಗೆದವು. ಬ್ರೆಜಿಲ್, ಪೋರ್ಚುಗಲ್‌ಗಳಲ್ಲಿ ಅದು ಜಾರಿಗೆ ಬರತೊಡಗಿದ್ದು 2009ರಿಂದ. ಕೊಳ್ಳುವುದಾದರೆ ಅದಕ್ಕಿಂತ ಹೊಸ ಪುಸ್ತಕ ಕೊಳ್ಳಿ.

ಗುರು ಬೇಕು ಅನ್ನುವವರಿಗೆ ಗೋವಾ ಹತ್ತಿರ. ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಸುತ್ತಾರೆ, ಪಣಜಿಯಲ್ಲಿ ಪೋರ್ಚುಗಲ್‌ನ ಕಮೋಂಯ್ಶ್ ಸಂಸ್ಥೆಯ ಭಾಷಾ ಕೇಂದ್ರವೂ ಇದೆ. ಪೋರ್ಚುಗಲ್‌ನಲ್ಲಿ ನೆಲೆಸಿ ಮುಂದೆ ಪೌರತ್ವದ ಯೋಚನೆ ಇರುವವರು ಎ2 ಮಟ್ಟದ (ಯುರೋಪಿನ ಭಾಷಾ ಅಳತೆಯಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲು) ‘ಸಿಪ್ಲ್’ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಳ್ಳಬಹುದು. ಅದನ್ನು ನಡೆಸುವುದು ಲಿಸ್ಬನ್ ವಿಶ್ವವಿದ್ಯಾಲಯದ ಕೇಂದ್ರ. ಇಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಆ ಪರೀಕ್ಷೆಗೂ ಬೇಕು. ಬ್ರೆಜಿಲ್‌ನ ಪರೀಕ್ಷೆ ಬೇರೆ, ಅದರ ಹೆಸರು ‘ಸೆಲ್ಪಿ ಬ್ರಾಸ್’.

ಸಂಭಾವನಾರ್ಥದ ರೂಪಗಳು, ಪುರುಷಪ್ರತ್ಯಯ ಅಂಟಿದ ಮೂಲರೂಪ, ‘ಅವನನ್ನು’, ‘ಅವಳಿಗೆ’ ಅನ್ನುವ ಪುಟ್ಟ ಸರ್ವನಾಮಗಳು ಕ್ರಿಯಾಪದದ ಹಿಂದೋ ಮುಂದೋ ಅನ್ನುವ ಲೆಕ್ಕ, ಇವು ಮೂರನ್ನೂ ಮೊದಲ ಆರು ತಿಂಗಳು ಮುಟ್ಟಬೇಡಿ. ಅಷ್ಟರಲ್ಲಿ ಭೂತಕಾಲ ಬಾಯಿಗೆ ಸಲೀಸಾಗಿ ಬರುತ್ತಿದ್ದರೆ ಸರ್ವನಾಮಗಳಿಂದ ಮುಂದುವರಿಸಿ.